ದಾವಣಗೆರೆಯಲ್ಲಿ ಲೇಸಿಕ್: ಆಪರೇಷನ್ ಚೆನ್ನಾಗಿದೆ, ಆಮೇಲಿನ ಸಲಹೆ ಸಾಲದು

ಕನ್ನಡಕ ಬಿಡೋಕೆ ಲೇಸಿಕ್ ಅನ್ನೋ ಲೇಸರ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡೆ, ಡಾಕ್ಟರ್ ಕೆಲಸಕ್ಕೆ ಪೂರ್ತಿ ಮಾರ್ಕ್ಸ್. ಮೊದಲು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ ಅಳೆದು, ತೆಳು ಇದ್ರೆ ಮಾಡಲ್ಲ ಅಂತ ನೇರವಾಗಿ ಹೇಳಿದರು, ನನಗೆ ನಂಬಿಕೆ ಬಂದಿದ್ದೇ ಅದರಿಂದ. ಮಾರನೇ ದಿನವೇ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ರಾಹುಕಾಲದ ಸಣ್ಣ ಅಕ್ಷರ ಕೂಡ ಕನ್ನಡಕ ಇಲ್ಲದೆ ಕಾಣಿಸಿತು!

ಆದರೆ ಕೆಲಸಕ್ಕೆ ಹೋಗೋದರ ಬಗ್ಗೆ ಕೇಳಿದರೆ ಸುಮ್ನೆ 'ಆರಾಮಾಗಿ ಹೋಗಿ' ಅಂದುಬಿಟ್ಟರು. ಈ ಆಪರೇಷನ್‌ನಲ್ಲಿ ಕಾರ್ನಿಯಾದ ನರಗಳೂ ತುಂಡಾಗುತ್ತವೆ, ಅದಕ್ಕೇ ಕೆಲವು ತಿಂಗಳು ಕಣ್ಣು ಒಣಗೋದು ಜಾಸ್ತಿ, ಅದನ್ನು ಮೊದಲೇ ಹೇಳಬೇಕಲ್ವಾ? ಮಂಡಿಪೇಟೆ ಧೂಳು, ಆಫೀಸಿನ ಎಸಿ, ದಿನವಿಡೀ ಟ್ಯಾಲಿ ಸ್ಕ್ರೀನ್, ಮಧ್ಯಾಹ್ನಕ್ಕೆಲ್ಲ ಕಣ್ಣೊಳಗೆ ಮರಳು ಬಿದ್ದ ಹಾಗೆ. ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಜೇಬಿನಲ್ಲೇ ಇರಲಿ, 20 ನಿಮಿಷಕ್ಕೊಮ್ಮೆ ದೂರ ನೋಡಿ. ಕಣ್ಣು ಮಾತ್ರ ಉಜ್ಜಲೇಬೇಡಿ, ಫ್ಲಾಪ್ (ಆಪರೇಷನ್‌ನಲ್ಲಿ ಕಾರ್ನಿಯಾದಿಂದ ಎತ್ತಿ ಮತ್ತೆ ಮುಚ್ಚಿದ ತೆಳು ಪದರ) ಜರುಗಬಹುದು. ರಾತ್ರಿ ಲೈಟುಗಳ ಸುತ್ತ ಬಳೆ ಕಾಣುತ್ತೆ, ಬೈಕ್ ಹತ್ತೋಕೆ ಅವಸರ ಬೇಡ.