ಬಡ್ಡಿ ಸಬ್ಸಿಡಿಯಲ್ಲಿ ತಗೊಂಡ ಉಡುಪಿ ಫ್ಲಾಟ್: ದುಡ್ಡಿಗೆ ಫುಲ್ ಮಾರ್ಕ್, ಗೋಡೆಗೆ ಇಲ್ಲ

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಬ್ಸಿಡಿ, ಅದೇ ಸಿಎಲ್‌ಎಸ್‌ಎಸ್, ಅದರಲ್ಲಿ 2019ರಲ್ಲಿ ತಗೊಂಡ ಟೂ ಬಿಎಚ್‌ಕೆ.

ದುಡ್ಡಂತೂ ಬಂತು ಮಾರಾಯ್ರೆ. ವರ್ಷಕ್ಕೆ 6 ಲಕ್ಷದೊಳಗೆ ಆದಾಯ ಇರುವವರಿಗೆ ಮೊದಲ 6 ಲಕ್ಷ ಸಾಲಕ್ಕೆ 6.5% ಬಡ್ಡಿ ಆಗ ಸರ್ಕಾರದ್ದು, ಅದೂ ತಿಂಗಳು ತಿಂಗಳು ಕೊಡುದಲ್ಲ, 20 ವರ್ಷದ್ದು ಲೆಕ್ಕ ಹಾಕಿ ಒಟ್ಟಿಗೇ ಅಸಲಿಗೆ ಜಮೆ ಮಾಡ್ತಿದ್ರು, ಜಾಸ್ತಿ ಅಂದ್ರೆ 2.67 ಲಕ್ಷ. ಯಾರ ಕಾಲೂ ಹಿಡೀದೆ ಅಸಲು ಇಳಿದದ್ದು ಪಾಸ್‌ಬುಕ್ಕಲ್ಲಿ ನೋಡಿ ನನಗೇ ನಂಬ್ಲಿಕ್ಕೆ ಆಗ್ಲಿಲ್ಲ. ಇಎಂಐ ಎರಡು ಸಾವಿರದ ಮೇಲೆ ಕಮ್ಮಿ ಆಯ್ತು, ನಮ್ಮ ಬಜೆಟ್ಟಲ್ಲಿ ಅದು ಮಗಳ ಸ್ಕೂಲ್ ವ್ಯಾನು ಮತ್ತೆ ಗ್ಯಾಸು.

ಇನ್ನೊಂದು ಖುಷಿ ನಾನು ಎಣಿಸಿಯೇ ಇರ್ಲಿಲ್ಲ. ಮನೆ ಹೆಂಗಸಿನ ಹೆಸರಲ್ಲಿ ಇರ್ಬೇಕು, ಇಲ್ಲಾ ಜಂಟಿ ಆಗ್ಬೇಕು ಅಂತ ರೂಲ್ಸ್ ಇತ್ತು, ಹಾಗೆ ಹೆಂಡತಿ ಹೆಸರಿಗೇ ಮಾಡಿದ್ದು. ಏಪ್ರಿಲಲ್ಲಿ ಮನೆ ತೆರಿಗೆ ಕಟ್ಟಿದ್ರೆ 5% ರಿಯಾಯಿತಿ ಉಂಟಲ್ಲ, ಅವಳೇ ರಿಕ್ಷಾ ಮಾಡಿಕೊಂಡು ಹೋಗಿ ಕಟ್ಟಿ ಬರುದು, ರಶೀದಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿ ಇಡುದು, ನನಗೆ ಮುಟ್ಲಿಕ್ಕಿಲ್ಲ.

ಈಗ ಗೋಡೆ ವಿಷಯ. ಬೆಡ್‌ರೂಮಿನ ಪಡು ಬದಿಯ ಗೋಡೆ ಜೂನ್ ಎರಡನೇ ವಾರಕ್ಕೆ ಬೆವರ್ಲಿಕ್ಕೆ ಶುರು, ಆಟಿ (ನಮ್ಮ ತುಳು ತಿಂಗಳು, ಜುಲೈ ಮಧ್ಯಕ್ಕೆ ಶುರು) ಬರುವಾಗ ಬೂಸ್ಟು. ಬೆಳಿಗ್ಗೆ ಎದ್ದು ಚಾ ಕುಡಿಯುವ ಮೊದಲು ಒಣ ಬಟ್ಟೆಯಲ್ಲಿ ಗೋಡೆ ಉಜ್ಜುದು, ಕಪಾಟನ್ನು ಒಂದು ಗೇಣು ಈಚೆ ಎಳೆಯುದು, ಮಗಳ ಯೂನಿಫಾರ್ಮನ್ನು ಫ್ಯಾನ್ ಅಡಿಗೆ ಹಗ್ಗ ಕಟ್ಟಿ ಹಾಕುದು, ಮೂರು ತಿಂಗಳು ಇದೇ ಪೂಜೆ. ಹಳೇ ಮನೆಗಳಲ್ಲಿ ಮಳೆ ಬರುವ ಮೊದಲು ಪಡು ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ತಿದ್ರು, ಕೆಲಸ ಮುಗೀತು, ನಾಲ್ಕನೇ ಮಾಳಿಗೆಗೆ ಎಲ್ಲಿಂದ ತಟ್ಟಿ ಕಟ್ಟುದು?

ಬಿಲ್ಡರಿಗೆ ಹೇಳಿದ್ರೆ "ಮಳೆಗಾಲ ಮುಗೀಲಿ". ನವೆಂಬರಲ್ಲಿ ಹೇಳಿದ್ರೆ "ಒಣಗಿದೆ ಅಲ್ವಾ ಸರ್". ಬ್ಯಾಂಕಿಗೆ ಲೋನ್ ಕೊಟ್ಟಲ್ಲಿಗೆ ಮುಗೀತು. ಸಬ್ಸಿಡಿ ಕೊಟ್ಟ ಸರ್ಕಾರಕ್ಕೆ ಈ ಗೋಡೆ ಇದೆ ಅಂತಲೇ ಗೊತ್ತಿಲ್ಲ.

ನಮ್ಮ ಮಾವನದ್ದು ಹೌಸಿಂಗ್ ಬೋರ್ಡ್ ಮನೆ, ಲೀಸ್ ಕಮ್ ಸೇಲ್‌ನಲ್ಲಿ ಕಂತು ಕಟ್ಟಿ ಕಟ್ಟಿ ಕಡೆಗೆ ಕ್ರಯಪತ್ರ ಆದದ್ದು. ಆ ಪ್ಲಾಸ್ಟರಿಂಗ್ ಬಗ್ಗೆ ಕೇಳ್ಬೇಡಿ, ಆದ್ರೆ ಬೈಲಿಕ್ಕೆ ಒಂದು ಆಫೀಸು ಇತ್ತು, ಒಬ್ಬ ಇಂಜಿನಿಯರ್ ಇದ್ದ, ಮಾವ ಕೊಡೆ ಹಿಡ್ಕೊಂಡು ಹೋಗಿ ಬೈದು ಬರ್ತಿದ್ರು. 1988ರ ನ್ಯಾಷನಲ್ ಹೌಸಿಂಗ್ ಪಾಲಿಸಿಯಿಂದ ಈಚೆಗೆ ಸರ್ಕಾರ ಮನೆ ಕಟ್ಟುವ ಕೆಲಸದಿಂದ ಮೆಲ್ಲ ಮೆಲ್ಲ ಹಿಂದೆ ಸರೀತಾ ಬಂತು, ಸಾಲ ಸಿಗುವ ಹಾಗೆ ಮಾಡ್ತೇವೆ, ಮನೆ ನೀವೇ ನೋಡ್ಕೊಳ್ಳಿ ಅಂತ. ನೋಡ್ಕೊಂಡದ್ದು ಈ ಗೋಡೆ.

ಪೂರ್ತಿ ಬೈಲಿಕ್ಕೂ ಮನಸ್ಸಾಗುದಿಲ್ಲ ಯಾಕಂದ್ರೆ ರೇರಾ ಅಂತ ಬಿಲ್ಡರುಗಳಿಗೆ ಮೂಗುದಾರ ಹಾಕುವ ಕಾನೂನು ಒಂದು ಉಂಟು. 2016ರ ಕಾಯ್ದೆಯ 14(3)ನೇ ಸೆಕ್ಷನ್ ಓದಿ: ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಸ್ಟ್ರಕ್ಚರ್, ಕೆಲಸ, ಕ್ವಾಲಿಟಿ ಇಂಥದ್ರಲ್ಲಿ ದೋಷ ಕಂಡು ತಿಳಿಸಿದ್ರೆ ಬಿಲ್ಡರ್ 30 ದಿನದೊಳಗೆ ಪುಕ್ಕಟೆ ಸರಿಮಾಡಿ ಕೊಡ್ಬೇಕು. ಅಸೋಸಿಯೇಶನ್ ಲೆಟರ್‌ಹೆಡ್ಡಲ್ಲಿ ಈ ಸೆಕ್ಷನ್ ನಂಬರ್ ಹಾಕಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇ ತಡ, ಎರಡು ವರ್ಷ ಫೋನ್ ಎತ್ತದ ಮನುಷ್ಯ ಮೇಸ್ತ್ರಿಯನ್ನು ಕರ್ಕೊಂಡು ಬಂದ. ಹೊರಗಿಂದ ವಾಟರ್‌ಪ್ರೂಫಿಂಗ್ ಮಾಡಿ, ಕಿಟಕಿಗೆ ಸಜ್ಜಾ ಉದ್ದ ಮಾಡಿ ಹೋದ್ರು. ಬೂಸ್ಟು ಮುಕ್ಕಾಲು ಪಾಲು ನಿಂತಿದೆ, ಮೂಲೆಯಲ್ಲಿ ಒಂದು ಪಟ್ಟಿ ಈಗ್ಲೂ ಒದ್ದೆ.

ಈಗ ತಗೊಳ್ಳುವವರಿಗೆ ಹಳೇ ಸ್ಕೀಮ್ ಇಲ್ಲ, 2024ರಲ್ಲಿ ಬಂದ ಆವಾಸ್ ಯೋಜನೆ 2.0 ಉಂಟು: ಸಬ್ಸಿಡಿ 1.80 ಲಕ್ಷದವರೆಗೆ, ಅದೂ ಒಟ್ಟಿಗೇ ಅಲ್ಲ, 5 ವರ್ಷ ಕಂತಲ್ಲಿ, ಮನೆ ಬೆಲೆ 35 ಲಕ್ಷ ದಾಟ್ಲಿಕ್ಕಿಲ್ಲ. ನನ್ನ ಹಾಗೆ ಸಂಬಳದಲ್ಲಿ ಬದುಕುವವರಾದ್ರೆ ತಗೊಳ್ಳಿ, ಐದಕ್ಕೆ ಮೂರೂವರೆ ಕೊಡ್ತೇನೆ. ಫ್ಲಾಟ್ ನೋಡ್ಲಿಕ್ಕೆ ಮಾತ್ರ ಜುಲೈಯಲ್ಲಿ ಹೋಗಿ, ಡಿಸೆಂಬರಲ್ಲಿ ಬನ್ನಿ ಅಂತ ಹೇಳ್ತಾರೆ, ಕೇಳ್ಬೇಡಿ.