ಫಜಿ ಎಎಚ್‌ಪಿಯಲ್ಲಿ ತಾಳೆ ನೋಡುವುದು: ಡಿಫಜಿಫೈ ಮಾಡಿ ಸಿಆರ್ ಅಥವಾ ಎರಡು ಮ್ಯಾಟ್ರಿಕ್ಸ್?

ಎಎಚ್‌ಪಿ ಎಂದರೆ ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ, ಯಾವುದು ಎಷ್ಟು ಪಟ್ಟು ಮುಖ್ಯ ಎಂದು ಮ್ಯಾಟ್ರಿಕ್ಸ್‌ನಲ್ಲಿ (ಸಂಖ್ಯೆಗಳ ಚೌಕ ಪಟ್ಟಿಯಲ್ಲಿ) ಬರೆದು ತೂಕ ಕಂಡುಹಿಡಿಯುವ ವಿಧಾನ. ಫಜಿ ಎಎಚ್‌ಪಿಯಲ್ಲಿ ಒಂದು ಸಂಖ್ಯೆಯ ಬದಲು ಮೂರರ ತ್ರಿಕೋನ ಸಂಖ್ಯೆ ಬರೆಯುತ್ತಾರೆ; ಅದನ್ನು ಮತ್ತೆ ಒಂದೇ ಸಂಖ್ಯೆ ಮಾಡುವುದು ಡಿಫಜಿಫೈ. ಉತ್ತರಗಳು ಒಂದಕ್ಕೊಂದು ಎಷ್ಟು ತಾಳೆ ತಪ್ಪಿವೆ ಎಂಬುದರ ಅಳತೆ ಸಿಆರ್. ಇದನ್ನು ನೋಡಲು ನನ್ನ ಆಯ್ಕೆ ಗೋಗುಸ್ ಮತ್ತು ಬೌಚರ್ 1998ರಲ್ಲಿ ಕೊಟ್ಟ ಎರಡು ಮ್ಯಾಟ್ರಿಕ್ಸ್ ವಿಧಾನ. ಆದರೆ ಹೆಚ್ಚಿನ ಪ್ರಾಜೆಕ್ಟ್ ವರದಿಗಳಲ್ಲಿ ಕಾಣುವುದು ಇನ್ನೊಂದು: ಪ್ರತಿ ತ್ರಿಕೋನ ಸಂಖ್ಯೆಯ (ಕೆಳ, ನಡು, ಮೇಲು) ಸರಾಸರಿ ತೆಗೆದು, ಎಎಚ್‌ಪಿ ರೂಪಿಸಿದ ಥಾಮಸ್ ಸಾಟಿ ಅವರ ಸಿಆರ್ 0.10ರೊಳಗೆ ಬಂತೇ ಎಂದು ನೋಡುವುದು.

ಇದರಲ್ಲಿ ಒಂದು ತೊಡಕಿದೆ. ಪಂಪ್‌ಸೆಟ್ ಆಯ್ಕೆ ಎಂದುಕೊಳ್ಳಿ. ವಿದ್ಯುತ್ ಖರ್ಚು ಬೆಲೆಗಿಂತ 2 ಪಟ್ಟು ಮುಖ್ಯ, ಬೆಲೆ ಸರ್ವಿಸ್‌ಗಿಂತ 2 ಪಟ್ಟು, ವಿದ್ಯುತ್ ಖರ್ಚು ಸರ್ವಿಸ್‌ಗಿಂತ 4 ಪಟ್ಟು. ಎರಡೆರಡಲ ನಾಲ್ಕು, ಕೂದಲೆಳೆಯಷ್ಟೂ ತಪ್ಪಿಲ್ಲ. ಈಗ 2 ಅನ್ನು (1, 2, 3) ಎಂದು ಬರೆದರೆ ಅದರ ವ್ಯುತ್ಕ್ರಮ (1/3, 1/2, 1). ಇವುಗಳ ಸರಾಸರಿ 2 ಮತ್ತು 0.611. ಎರಡನ್ನೂ ಗುಣಿಸಿದರೆ 1 ಬರಬೇಕಿತ್ತು, ಬರುವುದು 1.22. (3, 4, 5)ರ ವ್ಯುತ್ಕ್ರಮದ ಸರಾಸರಿ 0.261. ಈ ಮ್ಯಾಟ್ರಿಕ್ಸ್‌ನ ಲ್ಯಾಂಬ್ಡಾ ಮ್ಯಾಕ್ಸ್ (ಅತಿದೊಡ್ಡ ಐಗನ್ ಮೌಲ್ಯ, ಪೂರ್ತಿ ತಾಳೆಯಿದ್ದರೆ 3) 3.16, ಸಿಐ (ಅದರಿಂದ 3 ಕಳೆದು 2ರಿಂದ ಭಾಗಿಸಿದ್ದು) 0.080, ಅದನ್ನು 3 ಮಾನದಂಡದ ಆರ್‌ಐ (ಮನಬಂದಂತೆ ತುಂಬಿದ ಮ್ಯಾಟ್ರಿಕ್ಸ್‌ಗಳ ಸರಾಸರಿ ಸಿಐ) ಆದ 0.58ರಿಂದ ಭಾಗಿಸಿದರೆ ಸಿಆರ್ 0.138. ಸರಿಯಾಗಿ ಉತ್ತರಿಸಿದವರೇ ಫೇಲು!

ನಡುವಿನ ಸಂಖ್ಯೆಗೆ ನಾಲ್ಕು ಪಟ್ಟು ತೂಕ ಕೊಟ್ಟು 6ರಿಂದ ಭಾಗಿಸುವ ಸೂತ್ರ ಹಾಕಿದರೂ ಆ ಗುಣಲಬ್ಧ 1.11. ಅಳತೆ ಸಣ್ಣದಾದಷ್ಟೂ ಪೆಟ್ಟು ಜಾಸ್ತಿ. (6, 7, 8)ರಲ್ಲಿ ಸರಳ ಸರಾಸರಿಯ ಗುಣಲಬ್ಧವೂ 1.014 ಅಷ್ಟೆ. ಈ ದಾರಿಯೇ ಬೇಕೆಂದರೆ ಕರ್ಣದ ಮೇಲಿನ ಸೆಲ್‌ಗಳನ್ನು ಮಾತ್ರ ಡಿಫಜಿಫೈ ಮಾಡಿ, ಕೆಳಗಿನವಕ್ಕೆ ಅವುಗಳ ವ್ಯುತ್ಕ್ರಮವನ್ನೇ ತುಂಬಿ. ಆಗ ಮೇಲಿನ ಸಿಆರ್ ಸೊನ್ನೆಗೆ ಇಳಿಯುತ್ತದೆ.

ಗೋಗುಸ್–ಬೌಚರ್‌ನಲ್ಲಿ ಈ ರಗಳೆಯೇ ಇಲ್ಲ. ಮೊದಲ ಮ್ಯಾಟ್ರಿಕ್ಸ್‌ನಲ್ಲಿ ನಡುವಿನ ಸಂಖ್ಯೆಗಳು, ಎರಡನೆಯದರಲ್ಲಿ ಕೆಳ ಮತ್ತು ಮೇಲಿನವುಗಳ ಗುಣಲಬ್ಧದ ವರ್ಗಮೂಲ. ವ್ಯುತ್ಕ್ರಮ ತಾನಾಗಿಯೇ ಕೂಡಿಬರುತ್ತದೆ. ಎರಡರ ಸಿಆರ್ ಕೂಡ 0.10ರೊಳಗಿರಬೇಕು. ಆರ್‌ಐ ಮಾತ್ರ ಬೇರೆ ಬೇರೆ: 3 ಮಾನದಂಡಕ್ಕೆ 0.4890 ಮತ್ತು 0.1796, 4ಕ್ಕೆ 0.7937 ಮತ್ತು 0.2627, 5ಕ್ಕೆ 1.0720 ಮತ್ತು 0.3597.

ಅದೇ ಪಂಪ್‌ಸೆಟ್‌ನಲ್ಲಿ 4ರ ಬದಲು 7 ಎಂದು ಬಂತೆನ್ನಿ. ಮೂರೇ ಮಾನದಂಡವಿದ್ದರೆ ಲೆಕ್ಕ ಸುಲಭ: ನೇರ ತೀರ್ಪನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿ ಘನಮೂಲ ತೆಗೆಯಿರಿ, ಅದು, ಅದರ ವ್ಯುತ್ಕ್ರಮ, ಜೊತೆಗೆ 1 ಕೂಡಿದರೆ ಲ್ಯಾಂಬ್ಡಾ ಮ್ಯಾಕ್ಸ್. ನಡುವಿನ ಮ್ಯಾಟ್ರಿಕ್ಸ್‌ಗೆ ಸಿಐ 0.0174, ಸಿಆರ್ 0.036, ಪಾಸು. ಎರಡನೆಯದರಲ್ಲಿ 2 ಎಂಬುದು 1.732 ಆಗುತ್ತದೆ, 7 ಎಂಬುದು 6.928, ಸಿಐ 0.0392, ಸಿಆರ್ 0.218. ಅಭ್ಯಾಸಬಲದಿಂದ ಇಲ್ಲಿಯೂ 0.58 ಹಾಕಿದಿರೋ, 0.068 ಬಂದು ತಪ್ಪು ಮುಚ್ಚಿಹೋಗುತ್ತದೆ.

ಮಿಖೈಲೋವ್‌ರ ಫಜಿ ಪ್ರೋಗ್ರಾಮಿಂಗ್ ಎಂಬ ಇನ್ನೊಂದು ದಾರಿ ಚೊಕ್ಕ, ಆದರೆ ಸಾಲ್ವರ್ (ಗರಿಷ್ಠ–ಕನಿಷ್ಠದ ಲೆಕ್ಕ ಬಿಡಿಸುವ ತಂತ್ರಾಂಶ) ಬೇಕು. ಅತಿ ಮುಖ್ಯ ಮತ್ತು ಅತಿ ಅಮುಖ್ಯ ಮಾನದಂಡಗಳ ಜೊತೆ ಮಾತ್ರ ಉಳಿದವನ್ನು ಹೋಲಿಸುವ ಬೆಸ್ಟ್–ವರ್ಸ್ಟ್ ವಿಧಾನದಲ್ಲಿ 7 ಮಾನದಂಡಕ್ಕೆ 21ರ ಬದಲು 11 ಹೋಲಿಕೆ ಸಾಕು; ಪ್ರಶ್ನಾವಳಿ ಈಗಾಗಲೇ ಹಂಚಿಯಾಗಿದ್ದರೆ ಉಪಯೋಗವಿಲ್ಲ.

ಐದಾರು ಮಾನದಂಡ, ಎಕ್ಸೆಲ್ ಬಿಟ್ಟು ಬೇರೆ ಸಾಫ್ಟ್‌ವೇರ್‌ಗೆ ಕಾಸಿಲ್ಲ ಎಂಬಂಥವರಿಗೆ ಎರಡು ಮ್ಯಾಟ್ರಿಕ್ಸೇ ಸರಿ. ಒಬ್ಬೊಬ್ಬರ ಹಾಳೆಯನ್ನೂ ಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ಗುಣೋತ್ತರ ಸರಾಸರಿ ತೆಗೆಯಿರಿ. ಮೊದಲೇ ಬೆರೆಸಿದರೆ ಒಬ್ಬರ ಎಡವಟ್ಟು ಗುಂಪಿನಲ್ಲಿ ಕರಗಿಹೋಗುತ್ತದೆ. ಮೇಲಿನ 7 ಅನ್ನು 6 ಮಾಡಿದರೂ ಎರಡನೆಯ ಸಿಆರ್ 0.143, 5 ಮಾಡಿದರೆ 0.075. ಹಾಗೆಂದು ನೀವೇ 5 ಬರೆದುಬಿಡಬೇಡಿ. 2, 2, 7 ಎಂಬ ಮೂರೂ ಉತ್ತರಗಳನ್ನು ಕೊಟ್ಟವರ ಮುಂದಿಟ್ಟು, ಯಾವುದನ್ನು ಬದಲಿಸುತ್ತೀರಿ ಎಂದು ಕೇಳಿ.