ಸಿ ಡ್ರೈವ್ ದೊಡ್ಡದು ಮಾಡಿಸಲು ಹೋಗಿ ಲಿನಕ್ಸ್ ಕಳೆದುಕೊಂಡೆ. ರಿಮೋಟ್ ಕೊಡುವ ಮುಂಚೆ ಓದಿ

ಮೂರು ದಿನ ಆಯ್ತು, ಇನ್ನೂ ಸಿಟ್ಟು ಇಳಿದಿಲ್ಲ. ದುಡ್ಡು ಕೊಟ್ಟು ಕೆಲಸ ಮಾಡಿಸಿದವನ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ. ಒಂದೇ ಡಿಸ್ಕಿನ ಬೇರೆ ಬೇರೆ ಭಾಗಗಳಲ್ಲಿ (ಪಾರ್ಟಿಷನ್) ವಿಂಡೋಸ್, ಲಿನಕ್ಸ್ (ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್) ಎರಡನ್ನೂ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. "ರಿಮೋಟ್‌ನಲ್ಲಿ ಬಂದು ಹತ್ತು ನಿಮಿಷದಲ್ಲಿ ಪಾರ್ಟಿಷನ್ ಸರಿ ಮಾಡಿಕೊಡ್ತೀವಿ" ಅಂತ ಇಂಟರ್‌ನೆಟ್ ಮೂಲಕ ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವವರ ಕೈಗೆ ಮೌಸ್ ಕೊಡುವ ಮುಂಚೆ ಓದಿ.

ನಾನು ಕಂಪ್ಯೂಟರ್ ಗೊತ್ತಿಲ್ಲದವನಲ್ಲ. ನಾಚಿಕೆ ಇರುವುದೇ ಅಲ್ಲಿ. ನಾಲ್ಕೈದು ಗೆಳೆಯರ ಲ್ಯಾಪ್‌ಟಾಪಿಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಟ್ಟವನು ನಾನೇ. ಬ್ಯಾಕಪ್ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಬುದ್ಧಿ ಹೇಳಿದವನೂ ನಾನೇ. ನನ್ನ ಬ್ಯಾಕಪ್ ಎಷ್ಟು ಹಳೆಯದು ಅಂತ ಮಾತ್ರ ಕೇಳಬೇಡಿ.

ಡಿಸ್ಕ್ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. 1 ಟಿಬಿ ಹಾರ್ಡ್ ಡಿಸ್ಕ್, ಜಿಪಿಟಿ (ಪಾರ್ಟಿಷನ್ ಪಟ್ಟಿ ಇಡುವ ಹೊಸ ರೀತಿ). ಮೊದಲಿಗೆ 100 ಎಂಬಿಯ ಇಎಫ್ಐ ಪಾರ್ಟಿಷನ್ (ಓಎಸ್ ಶುರು ಮಾಡುವ ಫೈಲುಗಳು ಇರುವುದು ಇಲ್ಲಿ), ಆಮೇಲೆ ವಿಂಡೋಸ್ ಇರುವ ಸಿ, ಅದರ ಬೆನ್ನಿಗೇ ವಿಂಡೋಸ್‌ನ ರಿಕವರಿ ಪಾರ್ಟಿಷನ್, ಕೊನೆಗೆ ಲಿನಕ್ಸ್. ಸಿ ತುಂಬಿ ಕೆಂಪಾಗಿತ್ತು. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್‌ನಲ್ಲಿ ಲಿನಕ್ಸನ್ನು ಎಡಗಡೆಯಿಂದ 80 ಜಿಬಿ ಕುಗ್ಗಿಸಿದೆ. ಎಡಗಡೆಯಿಂದ ಕುಗ್ಗಿಸಿದರೆ ಒಳಗಿನ ಡೇಟಾ ಎಲ್ಲ ಜಾಗ ಬದಲಿಸಬೇಕು, ಇಡೀ ರಾತ್ರಿ ಹಿಡಿಯಿತು. ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು ಅಂತ ಚಾರ್ಜರ್ ಕಡೆಗೇ ನೋಡುತ್ತಾ ಕೂತಿದ್ದೆ. ಏನೂ ಆಗಲಿಲ್ಲ. ಆ ಭಾಗವನ್ನು ನಾನು ಸರಿಯಾಗಿಯೇ ಮಾಡಿದ್ದೆ, ಇದನ್ನ ಜ್ಞಾಪಕ ಇಟ್ಟುಕೊಳ್ಳಿ.

ಬೆಳಿಗ್ಗೆ ವಿಂಡೋಸ್‌ನಲ್ಲಿ ಪಾರ್ಟಿಷನ್‌ಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಹಿಗ್ಗಿಸುವ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿದೆ, ಒತ್ತೋಕೇ ಬರಲ್ಲ. ಖಾಲಿ ಜಾಗ ಸಿ ಪಕ್ಕದಲ್ಲೇ, ಬಲಗಡೆಗೆ ಅಂಟಿಕೊಂಡಿದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ. ಇಲ್ಲಿ ನಡುವೆ ರಿಕವರಿ ಪಾರ್ಟಿಷನ್ ಕೂತಿತ್ತು. ಅದು 1 ಜಿಬಿ ಕೂಡ ಇರಲಿಲ್ಲ. ಮತ್ತೆ ಜಿಪಾರ್ಟೆಡ್‌ಗೆ ಹೋಗಿ ಅದನ್ನು ಬಲಕ್ಕೆ ಸರಿಸಿದ್ದರೆ ಮುಗಿದಿತ್ತು. ಸ್ವಲ್ಪ ಹೊತ್ತಿನ ಕೆಲಸ! ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ತಲೆ ಓಡುತ್ತಿರಲಿಲ್ಲ. ದುಡ್ಡು ಹೋದರೆ ಹೋಗಲಿ, ದಿನಾ ಇದೇ ಕೆಲಸ ಮಾಡುವವರಿಂದ ಮಾಡಿಸೋಣ ಅಂದುಕೊಂಡೆ.

ಆನ್‌ಲೈನ್‌ನಲ್ಲಿ ಹುಡುಕಿದೆ. ಒಬ್ಬ ಸಿಕ್ಕ. 'ಡ್ಯುಯಲ್ ಬೂಟ್ ಎಕ್ಸ್‌ಪರ್ಟ್', ಅಂದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಓಎಸ್ ಇಡುವುದರಲ್ಲಿ ಪರಿಣತ, ಅಂತ ಹಾಕಿಕೊಂಡಿದ್ದ. ಹೆಸರು ಬೇಡ. ದುಡ್ಡು ಮೊದಲೇ ಕೊಡಬೇಕು, ಕೊಟ್ಟೆ. ಚಾಟ್‌ನಲ್ಲಿ ಎಲ್ಲವನ್ನೂ ವಿವರಿಸಿದೆ. ಲಿನಕ್ಸ್ ಇದೆ, ಅದರಲ್ಲಿ ಕೆಲಸದ ಫೈಲುಗಳಿವೆ, ಸಿಗೆ 80 ಜಿಬಿ ಸೇರಬೇಕು ಅಷ್ಟೇ. "ಓಕೆ ಸರ್, ಸಿಂಪಲ್ ಸರ್" ಅಂದ. ಓದಿದನೋ ಇಲ್ಲವೋ ದೇವರಿಗೇ ಗೊತ್ತು.

ರಿಮೋಟ್ ಕೊಟ್ಟೆ. ಮೌಸ್ ತಾನೇ ಓಡಾಡತೊಡಗಿತು. ಕಪ್ಪು ವಿಂಡೋ ತೆಗೆದು, ಕಮಾಂಡ್ ಕೊಟ್ಟು ಪಾರ್ಟಿಷನ್ ತಿದ್ದುವ ಡಿಸ್ಕ್‌ಪಾರ್ಟ್ ಹಾಕಿದ. ರಿಕವರಿ ಪಾರ್ಟಿಷನ್ನನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ಅಳಿಸಲು ಬಿಡುವುದಿಲ್ಲ, ಡಿಸ್ಕ್‌ಪಾರ್ಟ್‌ನಲ್ಲಿ 'ಡಿಲೀಟ್ ಪಾರ್ಟಿಷನ್ ಓವರ್‌ರೈಡ್' ಅಂತ ಕೊಟ್ಟರೆ ಹೋಗುತ್ತದೆ. ಒಂದು ಮಾತು ಕೇಳದೆ ಅದನ್ನು ಅಳಿಸಿದ. ವಿಂಡೋಸ್ ಕೆಟ್ಟರೆ ರಿಪೇರಿಗೆ ಅಂತ ಇರುವ ಜಾಗ ಅದು. ಇರಲಿ, ವಿಂಡೋಸ್ ಯುಎಸ್‌ಬಿ ಇದೆಯಲ್ಲ ಅಂತ ಸುಮ್ನಿದ್ದೆ. ಅಲ್ಲೇ ನಿಲ್ಲಿಸಬೇಕಿತ್ತು. ಅಲ್ಲೇ!

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಬಂದ. ಚಾಟ್‌ನಲ್ಲಿ ಕೇಳಿದ: "ಸರ್, ಖಾಲಿ ಜಾಗ ಪೂರ್ತಿ ಸಿಗೆ ಸೇರಿಸ್ಲಾ?"

ನಾನು "ಹೂಂ, ಸೇರಿಸಿ" ಅಂದೆ.

ಈ "ಹೂಂ" ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನನಗೆ ಖಾಲಿ ಜಾಗ ಅಂದರೆ ಆ 80 ಜಿಬಿ. ಅವನಿಗೆ ಖಾಲಿ ಜಾಗ ಅಂದರೆ ಅದರ ಪಕ್ಕದ ನನ್ನ ಲಿನಕ್ಸ್ ಕೂಡ. ಹೇಗೆ ಅಂತೀರಾ? ನಿಮ್ಮ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ (ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ರೀತಿ) ವಿಂಡೋಸ್‌ಗೆ ಓದಲು ಬರುವುದಿಲ್ಲ. ಹಾಗಾಗಿ ಆ ಪಾರ್ಟಿಷನ್‌ಗೆ ಸಿ, ಡಿ ತರಹದ ಅಕ್ಷರ ಇಲ್ಲ, ಹೆಸರಿಲ್ಲ, ಫೈಲ್ ಸಿಸ್ಟಮ್ ಅನ್ನುವ ಜಾಗದಲ್ಲಿ ಏನೂ ಇಲ್ಲ. ಮೇಲಿನ ಪಟ್ಟಿಯಲ್ಲಿ ಎಷ್ಟು ಖಾಲಿ ಇದೆ ಅನ್ನುವ ಕಾಲಮ್ಮಿನಲ್ಲಿ 100% ಅಂತ ತೋರಿಸುತ್ತದೆ! ತುಂಬಿ ತುಳುಕುತ್ತಿರುವ ಪಾರ್ಟಿಷನ್ ನೂರಕ್ಕೆ ನೂರು ಖಾಲಿ ಅಂತೆ. ವಿಂಡೋಸ್ ಮಾತ್ರ ನೋಡಿ ಬೆಳೆದವನಿಗೆ ಅದು ಖಾಲಿ ಸೈಟು. ಬೇಲಿ ಕಿತ್ತು ಸೇರಿಸಿಬಿಟ್ಟ.

ನಾನು ನೋಡುತ್ತಲೇ ಇದ್ದೆ. ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್, ಡಿಲೀಟ್, ಒಂದು ಎಚ್ಚರಿಕೆ ಬಂತು, ಎಸ್. ಎಲ್ಲಾ ಎರಡು ಸೆಕೆಂಡ್. ರಿಕವರಿಯದ್ದೇ ಏನೋ ಉಳಿದಿತ್ತು ಅಂದುಕೊಂಡೆ. ಸಿಯ ನೀಲಿ ಪಟ್ಟಿ ಉದ್ದಕ್ಕೆ ಹರಡಿಕೊಂಡಿತು. 80 ಜಿಬಿಗಿಂತ ತುಂಬಾ ಜಾಸ್ತಿ ಕಾಣುತ್ತಿದೆಯಲ್ಲ ಅಂತ ಒಂದು ಕ್ಷಣ ಅನ್ನಿಸಿತು, ನಿಜವಾಗಿ ಅನ್ನಿಸಿತು. ಕೇಳಲಿಲ್ಲ. ಅಷ್ಟರಲ್ಲಿ "ಡನ್ ಸರ್, ದಯವಿಟ್ಟು ಐದು ಸ್ಟಾರ್ ಕೊಡಿ" ಅಂತ ಬಂತು. ಕೊಟ್ಟೆ. ಜೊತೆಗೆ "ಬೇಗ ಮಾಡಿಕೊಟ್ಟರು, ಒಳ್ಳೆಯ ಕೆಲಸ" ಅಂತಲೂ ಬರೆದೆ. ರೀಬೂಟ್ ಮಾಡುವ ಮುಂಚೆಯೇ ಬರೆದೆ.

ರೀಬೂಟ್ ಮಾಡಿದೆ. ಕಪ್ಪು ಪರದೆ, 'ಗ್ರಬ್' ಅನ್ನುವ ಪದ, ಪಕ್ಕದಲ್ಲಿ ಮಿನುಗುವ ಗೆರೆ. ಯಾವ ಓಎಸ್ ಬೇಕು ಅಂತ ಕೇಳುವ ಮೆನು ಇಲ್ಲ. ಆ ಮೆನು ತೋರಿಸಿ ಓಎಸ್ ಶುರು ಮಾಡುವುದೇ ಗ್ರಬ್. ಗ್ರಬ್‌ನ ಚಿಕ್ಕ ಭಾಗ ಇಎಫ್ಐ ಪಾರ್ಟಿಷನ್‌ನಲ್ಲಿರುತ್ತದೆ, ಅದು ಉಳಿದಿತ್ತು. ಮೆನು, ಸೆಟ್ಟಿಂಗ್ ಎಲ್ಲ ಲಿನಕ್ಸ್ ಪಾರ್ಟಿಷನ್‌ನಲ್ಲಿರುತ್ತವೆ, ಅವಿರಲಿಲ್ಲ. ಆಗ ಹೊಟ್ಟೆಯಲ್ಲಿ ತಳಮಳ ಶುರುವಾಯಿತು.

ಫೋನ್‌ನಿಂದ ಚಾಟ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಮೊದಲ ಉತ್ತರ: "ಬೂಟ್‌ರೆಕ್ ಫಿಕ್ಸ್ಎಂಬಿಆರ್ ಹೊಡೀರಿ ಸರ್." ಅದು ಎಂಬಿಆರ್ ಅನ್ನುವ ಹಳೆಯ ರೀತಿಯ ಬೂಟ್ ಭಾಗವನ್ನು ಸರಿ ಮಾಡುವ ಕಮಾಂಡ್. ನನ್ನದು ಹೊಸ ರೀತಿಯಲ್ಲಿ ಬೂಟ್ ಆಗುವ ಯುಇಎಫ್ಐ, ಜಿಪಿಟಿ ಡಿಸ್ಕ್. ಎಂಬಿಆರ್ ಸರಿ ಮಾಡಿದರೆ ಇಲ್ಲಿ ಏನೂ ಆಗುವುದಿಲ್ಲ. ಅದನ್ನು ಹೊಡೆಯಲು ಸುಲಭವಾಗಿ ಸಿಗುತ್ತಿದ್ದ ರಿಕವರಿ ಪಾರ್ಟಿಷನ್ನನ್ನೂ ಇವನೇ ಅಳಿಸಿದ್ದಾನೆ!

ಲ್ಯಾಪ್‌ಟಾಪಿನದೇ ಬೂಟ್ ಮೆನುಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದೆ, ವಿಂಡೋಸ್ ಬಂತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದರೆ ಲಿನಕ್ಸ್ ಇದ್ದ ಜಾಗವೇ ಇಲ್ಲ. ಎಲ್ಲಾ ಸಿ. "ನನ್ನ ಲಿನಕ್ಸ್ ಎಲ್ಲಿ?" ಅಂತ ಕೇಳಿದೆ.

"ಅದು ಖಾಲಿ ಇತ್ತು ಸರ್."

ಖಾಲಿ ಇರಲಿಲ್ಲ, ಅದೇ ಲಿನಕ್ಸ್ ಅಂದೆ.

"ವಿಂಡೋಸ್ ಬರ್ತಿದೆ ಅಲ್ವಾ ಸರ್?"

ನನ್ನ ಫೈಲುಗಳು ಅಂದೆ.

"ನೀವೇ ಹೂಂ ಅಂದ್ರಲ್ಲ ಸರ್."

ಆಮೇಲೆ ಬಂತು ನೋಡಿ ಮುಕುಟಮಣಿ: "ಲಿನಕ್ಸ್ ಫ್ರೀ ಅಲ್ವಾ ಸರ್, ಇನ್ನೊಂದು ಸಲ ಹಾಕ್ಕೊಳ್ಳಿ."

ಫ್ರೀ ಅಂತೆ! ಒಂದು ಪುಸ್ತಕದ ಪುಟ ಜೋಡಣೆ, ಎಂಟು ತಿಂಗಳ ಕೆಲಸ, ಅದು ಫ್ರೀ ಡೌನ್‌ಲೋಡ್‌ನಲ್ಲಿ ಬರುತ್ತದಾ?

ಇಷ್ಟಾದರೂ ಬುದ್ಧಿ ಬರಲಿಲ್ಲ ನನಗೆ. "ರಿಕವರಿ ಮಾಡಿಕೊಡ್ತೀನಿ ಸರ್, ಅದು ಬೇರೆ ಚಾರ್ಜ್" ಅಂದಾಗ ಮತ್ತೆ ರಿಮೋಟ್ ಕೊಟ್ಟೆ. ಯಾವುದೋ ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಲು ಹೊರಟ. ಎಲ್ಲಿಗೆ? ಸಿಗೆ! ನನ್ನ ಫೈಲುಗಳು ಬಿದ್ದಿರುವ ಅದೇ ಜಾಗದ ಮೇಲೆ! ಪಾರ್ಟಿಷನ್ ಅಳಿಸಿದರೆ ಹೋಗುವುದು ಪಾರ್ಟಿಷನ್ ಟೇಬಲ್ಲಿನಲ್ಲಿರುವ ಅದರ ವಿಳಾಸ ಮಾತ್ರ. ಡೇಟಾ ಅಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ. ಸಿ ಈಗ ಆ ಜಾಗವನ್ನೂ ನುಂಗಿರುವುದರಿಂದ ವಿಂಡೋಸ್ ಏನೇ ಬರೆದರೂ ಅಲ್ಲಿಗೆ ಬೀಳಬಹುದು. ಆಗ ಎಚ್ಚರವಾಯಿತು. ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆಫ್ ಮಾಡಿದೆ.

ಮುಂದಿನದನ್ನು ಗೊತ್ತಿರುವ ಒಬ್ಬರು ಫೋನ್‌ನಲ್ಲೇ ಹೇಳಿಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಮೊದಲು ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ಪೂರ್ತಿ ನಕಲು) ಅನ್ನು ಬೇರೆ ಡಿಸ್ಕಿಗೆ ತೆಗೆದುಕೊಂಡೆ. ಆಮೇಲೆ ಅಳಿದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್. ಅದೂ ಫ್ರೀ, ನಮ್ಮ ಎಕ್ಸ್‌ಪರ್ಟ್‌ಗೆ ಹೆಸರೇ ಗೊತ್ತಿರಲಿಕ್ಕಿಲ್ಲ. 'ಡೀಪರ್ ಸರ್ಚ್' ಗಂಟೆಗಟ್ಟಲೆ ಓಡಿತು, ಹಳೆಯ ಲಿನಕ್ಸ್ ಪಾರ್ಟಿಷನ್ ಪಟ್ಟಿಯಲ್ಲಿ ಕಾಣಿಸಿತು. 'ಪಿ' ಒತ್ತಿದರೆ ಒಳಗಿನ ಫೋಲ್ಡರ್‌ಗಳು! ಟೇಬಲ್ ತಿದ್ದಲು ಹೋಗದೆ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಬಹುಪಾಲು ಬಂದವು. ಪುಸ್ತಕದ ಎರಡು ಅಧ್ಯಾಯ ತೆಗೆದರೆ ಕಸ ಅಕ್ಷರ. ಅವನ್ನು ಈಗ ಮೊದಲಿಂದ ಮಾಡುತ್ತಿದ್ದೇನೆ, ಮಾಡುವಾಗೆಲ್ಲ ಅವನಿಗೆ ಶಾಪ ಹಾಕುತ್ತೇನೆ. ಹಾರ್ಡ್ ಡಿಸ್ಕ್ ಬದಲು ಎಸ್ಎಸ್‌ಡಿ ಆಗಿದ್ದರೆ ಇಷ್ಟೂ ಸಿಗದೇ ಹೋಗಬಹುದಿತ್ತು, ಖಾಲಿ ಅಂತ ಗುರುತಾದ ಜಾಗವನ್ನು ಎಸ್ಎಸ್‌ಡಿಯ ಟ್ರಿಮ್ ಅನ್ನುವ ವ್ಯವಸ್ಥೆ ಬಂದು ಒರೆಸಿಬಿಡುತ್ತದೆ.

ನಿಮಗೆ ಹೇಳುವುದಿಷ್ಟೇ. ರಿಮೋಟ್ ಕೊಡುವ ಮುಂಚೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಚಿತ್ರ ಕಳಿಸಿ "ಇದರಲ್ಲಿ ಲಿನಕ್ಸ್ ಯಾವುದು?" ಅಂತ ಕೇಳಿ. ತಡವರಿಸಿದರೆ ಅಲ್ಲಿಗೇ ನಮಸ್ಕಾರ ಹೇಳಿ. "ಖಾಲಿ ಜಾಗ" ಅಂತ ಬಾಯಲ್ಲಿ ಹೇಳಬೇಡಿ, ಎಷ್ಟು ಜಿಬಿ ಅಂತ ಬರೆದು ಕೊಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಲಿನಕ್ಸ್ ಕಡೆಯಿಂದ ಸಿ ಮುಟ್ಟುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಶಟ್‌ಡೌನ್ ಆಗಲು ಬಿಡದ ಸೆಟ್ಟಿಂಗ್) ತೆಗೆದು ಸರಿಯಾಗಿ ಶಟ್‌ಡೌನ್ ಮಾಡಿ. ಬ್ಯಾಕಪ್ ಬಗ್ಗೆ ಹೇಳುವ ಯೋಗ್ಯತೆ ನನಗಿಲ್ಲ.

ದುಡ್ಡು ವಾಪಸ್ ಕೇಳಿದೆ. "ಕೆಲಸ ಆಗಿದೆ ಸರ್. ನೀವು ಸಿ ದೊಡ್ಡದು ಮಾಡಿ ಅಂದ್ರಿ, ದೊಡ್ಡದಾಗಿದೆ" ಅಂತ ಉತ್ತರ. ಆಮೇಲೆ ಬ್ಲಾಕ್ ಮಾಡಿದ. ನನ್ನ ಐದು ಸ್ಟಾರ್ ತೆಗೆಯೋಣ ಅಂತ ನೋಡಿದರೆ ಕೊಟ್ಟ ರಿವ್ಯೂ ತಿದ್ದಲು ಬರುವುದಿಲ್ಲವಂತೆ. "ಬೇಗ ಮಾಡಿಕೊಟ್ಟರು, ಒಳ್ಳೆಯ ಕೆಲಸ" ಅಂತ ಎಲ್ಲಾದರೂ ಕಂಡರೆ, ಅದು ಬರೆದವನು ನಾನೇ. ನಂಬಬೇಡಿ.